ಬೆರಳಿಗೆ ಸ್ಪರ್ಶ ಮರಳಿದ ಈ ಹೊತ್ತಿನಲ್ಲಿ

ನನ್ನ ಬಲ ಮಣಿಕಟ್ಟಿನ ನರ ಕಡಿದುಹೋಗಿ ಬೆರಳುಗಳ ಸ್ಪರ್ಶ ಹೋದದ್ದು ನಿಮಗೆಲ್ಲ ತಿಳಿದೇ ಇರುವುದರಿಂದ ಅದು ಹೇಗಾಯಿತೆಂದು ಮತ್ತೆ ವಿವರಿಸುವುದಿಲ್ಲ. ಅಂಗಿಯ ಗುಂಡಿಯನ್ನು ನೋಡದೆಯೇ ಬಲಗೈಯಿಂದ ಹಾಕಿಕೊಳ್ಳಲು ಈಗ ಸಾಧ್ಯವಾಗಿದೆ ಎಂದು ತಿಳಿಸುವುದಕ್ಕೂ ಅದಕ್ಕೆ ಕಾರಣರಾದವರನ್ನು ನೆನೆಯುವುದಕ್ಕೂ ಇದನ್ನು ಬರೆಯುತ್ತಿದ್ದೇನೆ. ಕೂದಲಿಗಿಂತ ತೆಳುವಾದ ದಾರದಿಂದ ನರದ ತುದಿಗಳನ್ನು ಹೊಲಿದ ಶಸ್ತ್ರವೈದ್ಯರಿಗೆ, ಬೆರಳುಗಳು ಸೆಟೆದುಕೊಳ್ಳದಂತೆ ನೋಡಿಕೊಂಡ ಫಿಸಿಯೋಥೆರಪಿಸ್ಟರಿಗೆ, ನನ್ನ ಪಾಲಿನ ಕೆಲಸವನ್ನು ಹೊತ್ತ ಸಹೋದ್ಯೋಗಿಗಳಿಗೆ ಹೃತ್ಪೂರ್ವಕ ವಂದನೆಗಳು.

ಉಳಿದುದೆಲ್ಲ ಅಕ್ಕನಿಗೆ ಸಲ್ಲಬೇಕು.

ಮುಟ್ಟಿದರೆ ತಿಳಿಯದ ಕೈಯಲ್ಲಿ ತಡೆಯಲಾಗದ ಉರಿ ಎದ್ದ ಆ ರಾತ್ರಿ, ಈ ಕೈಯೇ ಬೇಡ, ಕತ್ತರಿಸಿಬಿಡಲಿ ಎಂದು ಅತ್ತಿದ್ದೆ. ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಅವಳು ಆಡಲಿಲ್ಲ. ವರ್ಷಗಟ್ಟಲೆ ಜೀವಶಾಸ್ತ್ರ ಕಲಿಸಿದವಳು, ಬೆಳಗಾಗುವವರೆಗೂ ಪಕ್ಕದಲ್ಲೇ ಕುಳಿತು, ಚರ್ಮದಡಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಹೇಳುತ್ತಾ ಹೋದಳು. ಕಡಿದ ಜಾಗದಿಂದಾಚೆಯ ನರತಂತುಗಳು ಅಳಿದುಹೋಗುತ್ತವೆ. ಇಂಗ್ಲೆಂಡಿನ ಶರೀರವಿಜ್ಞಾನಿ ಅಗಸ್ಟಸ್ ವಾಲರ್ 1850ರಲ್ಲೇ ಕಪ್ಪೆಯ ನಾಲಿಗೆಯ ನರಗಳಲ್ಲಿ ಇದನ್ನು ಕಂಡಿದ್ದ. ಆದರೆ ಆ ತಂತುಗಳನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ಉಳಿಯುತ್ತವೆ. ತಂತುವಿನ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಕಟ್ಟುವ ತಮ್ಮ ಕಸುಬನ್ನು ಬಿಟ್ಟು, ಅದೇ ಹೊದಿಕೆಯ ಅವಶೇಷಗಳನ್ನು ಅರಗಿಸಲು ತೊಡಗುತ್ತವೆ, ಅವಶೇಷಗಳನ್ನು ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ನೆರವಿಗೆ ಕರೆಸಿಕೊಳ್ಳುತ್ತವೆ, ಬಳಿಕ ನೀಳವಾಗಿ ಚಾಚಿಕೊಂಡು ಸಾಲುಗಟ್ಟಿ, ಪೋಷಕ ಪ್ರೋಟೀನುಗಳನ್ನು ಸ್ರವಿಸುತ್ತಾ ಹೊಸ ತಂತುವನ್ನು ಮುಂದಕ್ಕೆ ನಡೆಸುತ್ತವೆ. ಮಿದುಳು, ಬೆನ್ನುಹುರಿಗಳಲ್ಲಿ ಕಡಿದ ತಂತುಗಳು ಹೀಗೆ ಮರಳಿ ಬೆಳೆಯದಿರುವುದಕ್ಕೆ ಅಲ್ಲಿ ಈ ಕೋಶಗಳಿಲ್ಲದಿರುವುದೂ ಒಂದು ಕಾರಣವಂತೆ. ನೋವು ಕಡಿಮೆಯಾಯಿತೆಂದು ಹೇಳಲಾರೆ. ಏನೂ ಆಗುತ್ತಿಲ್ಲ ಎಂಬ ಭಯ ಮಾತ್ರ ಆ ರಾತ್ರಿಯೇ ಹೋಯಿತು.

ಬೆಳವಣಿಗೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಎಂದೂ, ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟಲು ಆರು ತಿಂಗಳಾದರೂ ಬೇಕೆಂದೂ, ತಿಂಗಳುಗಳು ಉರುಳಿದಂತೆ ಶ್ವಾನ್ ಕೋಶಗಳ ಆಸರೆಯ ಶಕ್ತಿಯೂ ಕುಂದುತ್ತದೆಂದೂ ಅವಳು ಮುಚ್ಚಿಡದೆ ಹೇಳಿದ್ದಳು. ಆಮೇಲೆ ನನ್ನ ಅಂಗೈಯನ್ನು ಆಗಾಗ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ, ಎಲ್ಲಿ ತಟ್ಟಿದಾಗ ಬೆರಳಿನತ್ತ ಜುಮ್ಮೆನ್ನುತ್ತದೋ ಅಲ್ಲಿ ಪೆನ್ನಿನಿಂದ ಗೀಟು ಎಳೆಯುತ್ತಿದ್ದಳು. ಬೆಳೆಯುತ್ತಿರುವ ತಂತುಗಳ ತುದಿ ಅಲ್ಲಿಗೆ ತಲುಪಿದೆ ಎಂಬುದಕ್ಕೆ ವೈದ್ಯರೂ ನೋಡುವ ಗುರುತು ಅದೇ. ಮಾಸಿದ ಹಳೆಯ ಗೀಟಿನಿಂದ ಹೊಸದು ಒಂದಿಷ್ಟೇ ಮುಂದಿರುತ್ತಿತ್ತು. ಅದನ್ನು ನೋಡಿ ನನಗಿಂತ ಅವಳೇ ಹೆಚ್ಚು ಹಿಗ್ಗುತ್ತಿದ್ದಳು.

ಅಕ್ಕಾ, ಆಗೆಲ್ಲ ನಿನ್ನ ಮೇಲೆ ರೇಗಿದ್ದೇ ಹೆಚ್ಚು. ಇಷ್ಟು ಜನರ ಮುಂದೆ ಈಗಲಾದರೂ ಹೇಳುತ್ತೇನೆ: ನೀನಿಲ್ಲದಿದ್ದರೆ ನಾನು ವ್ಯಾಯಾಮವನ್ನೂ ಆಸೆಯನ್ನೂ ಎಂದೋ ಕೈಬಿಡುತ್ತಿದ್ದೆ.

ಎಲ್ಲವೂ ಮೊದಲಿನಂತಾಗಿಲ್ಲ. ಕೆಲವು ತಂತುಗಳು ತಮ್ಮದಲ್ಲದ ಸಾಲನ್ನು ಹಿಡಿದು ಬೆಳೆದಿರುವುದರಿಂದ, ನಡುಬೆರಳನ್ನು ಮುಟ್ಟಿದರೆ ತೋರುಬೆರಳನ್ನು ಮುಟ್ಟಿದಂತೆ ಅನ್ನಿಸುತ್ತದೆ. ಇದನ್ನು ತಿದ್ದಿಕೊಳ್ಳಬೇಕಾದುದು ಇನ್ನು ಮಿದುಳು. ಹಾಗಾಗಿ ಅಕ್ಕ ಈಗಲೂ ನನ್ನ ಕಣ್ಣು ಮುಚ್ಚಿಸಿ, ಯಾವ ಬೆರಳು ಹೇಳು ಎಂದು ಕೇಳುತ್ತಾಳೆ, ತಪ್ಪಿದರೆ ಮತ್ತೆ ಮೊದಲಿನಿಂದ ಶುರುಮಾಡಿಸುತ್ತಾಳೆ.