ಬಿಡಿವಿ ಪಾಸಾದರೆ ಸಾಲದು, ಎಣ್ಣೆಯ ಆಮ್ಲವನ್ನೂ ನೋಡಿ

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ಬಂತೆಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಕಾರಣ ಕೇಳಿದರೆ ‘ಲೋಡ್ ಜಾಸ್ತಿ ಆಯ್ತು’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಲೋಡ್ ಜಾಸ್ತಿ ಆಗಿದ್ದು ನಿಜವೇ ಇರಬಹುದು. ಆದರೆ ಹೋದ ವರ್ಷ ಅಷ್ಟೇ ಲೋಡ್ ಹೊತ್ತ ಟ್ರಾನ್ಸ್‌ಫಾರ್ಮರ್ ಈ ವರ್ಷ ಯಾಕೆ ಕೈಕೊಟ್ಟಿತು? ನಾನು ಟ್ರಾನ್ಸ್‌ಫಾರ್ಮರ್ ಎಣ್ಣೆ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎಷ್ಟೋ ಸಲ ಇದಕ್ಕೆ ಉತ್ತರ ಒಳಗಿನ ಎಣ್ಣೆಯಲ್ಲೇ ಸಿಗುತ್ತದೆ. ಕೇಳುವವರು ಮಾತ್ರ ಕಡಿಮೆ.

ನಮಗೆ ಬರುವ ಬಾಟಲಿಗಳ ಜೊತೆ ಒಂದು ಚೀಟಿ ಇರುತ್ತದೆ. ಹೆಚ್ಚಿನ ಚೀಟಿಗಳಲ್ಲಿ ಬರೆದಿರುವುದು ಇಷ್ಟೇ: ‘ಬಿಡಿವಿ ಮಾತ್ರ’. ಅಂದರೆ ಬ್ರೇಕ್‌ಡೌನ್ ವೋಲ್ಟೇಜ್, ಎಷ್ಟು ವೋಲ್ಟೇಜಿಗೆ ಎಣ್ಣೆಯೊಳಗೆ ಕಿಡಿ ಹಾರುತ್ತದೆ ಅಂತ ನೋಡುವ ಪರೀಕ್ಷೆ. 2.5 ಮಿಲಿಮೀಟರ್ ಅಂತರದ ಎರಡು ಎಲೆಕ್ಟ್ರೋಡ್‌ಗಳ ನಡುವೆ ಎಣ್ಣೆ ಇಟ್ಟು, ಸೆಕೆಂಡಿಗೆ 2 ಕಿಲೋವೋಲ್ಟ್‌ನಂತೆ ಏರಿಸುತ್ತಾ ಹೋಗುತ್ತೇವೆ. ಪಟ್ ಅಂತ ಕಿಡಿ ಹಾರಿದ ಅಂಕಿ ಬರೆದುಕೊಳ್ಳುತ್ತೇವೆ. ಹೀಗೆ ಆರು ಸಲ ಮಾಡಿ ಸರಾಸರಿ ತೆಗೆಯುತ್ತೇವೆ. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಮುಖ್ಯವಾಗಿ ಹೇಳುವುದು ಎಣ್ಣೆಯಲ್ಲಿ ನೀರು, ನಾರು, ಕಸ ಇದೆಯಾ ಅಂತ. ಎಣ್ಣೆಗೆ ವಯಸ್ಸಾಗಿದೆಯಾ ಅಂತ ಅದು ಹೇಳುವುದಿಲ್ಲ.

ಇತ್ತೀಚೆಗೆ ಬಂದ ಒಂದು ಬಾಟಲಿಯ ವಿಷಯ ಹೇಳುತ್ತೇನೆ. ಎಣ್ಣೆ ಕಡು ಕಂದು. ಮುಚ್ಚಳ ತೆಗೆದರೆ ಹುಳಿ ಘಾಟು. ಬಿಡಿವಿ ನೋಡಿದರೆ 60 ಕಿಲೋವೋಲ್ಟ್ ದಾಟಿತು, ಚೆನ್ನಾಗಿ ಪಾಸು. ಚೀಟಿಯಲ್ಲಿ ಕೇಳಿರಲಿಲ್ಲ, ಆದರೂ ಆಮ್ಲ ನೋಡೋಣ ಅಂತ ಕೂತೆ. ಬ್ಯುರೆಟ್‌ನಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಬಿಡುತ್ತಾ ಹೋದರೆ, ಬಣ್ಣ ತಿರುಗುವ ಲಕ್ಷಣವೇ ಇಲ್ಲ. ಕೊನೆಗೆ ತಿರುಗಿದಾಗ ಲೆಕ್ಕ ಹಾಕಿದರೆ, ಆಮ್ಲ ಕಳೆಯಲು ಗ್ರಾಂ ಎಣ್ಣೆಗೆ 0.34 ಮಿಲಿಗ್ರಾಂ ಹೈಡ್ರಾಕ್ಸೈಡ್ ಬೇಕಾಗಿತ್ತು. ಹೊಸ ಎಣ್ಣೆಯಲ್ಲಿ ಇದು 0.01ಕ್ಕಿಂತ ಹೆಚ್ಚಿರಬಾರದು. ಚಿಕ್ಕ ಟ್ರಾನ್ಸ್‌ಫಾರ್ಮರ್‌ಗಳಿಗೂ 0.3 ದಾಟಿದರೆ ಕಳಪೆ ಅಂತಲೇ ಲೆಕ್ಕ. ಫೋನ್ ಮಾಡಿ ಕೇಳಿದೆ. ‘ಹೋದ ವಾರ ತಾನೇ ಫಿಲ್ಟರ್ ಮಾಡಿಸಿದೀವಿ ಮೇಡಂ’ ಎಂದರು. ಸರಿ, ಬಿಡಿವಿ ಪಾಸಾಗದೆ ಇನ್ನೇನು?

ಫಿಲ್ಟರ್ ಮಷಿನ್ ಬಿಸಿ ಮಾಡಿ, ನಿರ್ವಾತದಲ್ಲಿ ನೀರು ತೆಗೆಯುತ್ತದೆ, ಕಸ ಸೋಸುತ್ತದೆ. ಎಣ್ಣೆಯಲ್ಲಿ ಕರಗಿದ ಆಮ್ಲ ಹಾಗೇ ಉಳಿಯುತ್ತದೆ. ಅದನ್ನು ತೆಗೆಯಬೇಕೆಂದರೆ ಫುಲ್ಲರ್ಸ್ ಅರ್ತ್‌ನಂಥ ಜೇಡಿಯ ಮೂಲಕ ಹಾಯಿಸಬೇಕು, ಇಲ್ಲವೇ ಎಣ್ಣೆ ಬದಲಿಸಬೇಕು. ಇನ್ನೊಂದು ತೊಂದರೆಯೂ ಇದೆ. ಒಳಗೆ ಎಲ್ಲಾದರೂ ಅತಿ ಬಿಸಿಯಾಗುತ್ತಿದ್ದರೆ ಎಣ್ಣೆಯಲ್ಲಿ ಎಥಿಲೀನ್, ಮೀಥೇನ್ ಕರಗಿರುತ್ತವೆ. ಒಳಗೆ ತಾಮ್ರಕ್ಕೆ ಸುತ್ತಿದ ಕಾಗದ ಬೇಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಸಿಗುತ್ತದೆ. ಒಳಗಿನ ರೋಗ ತೋರಿಸುವ ಈ ಅನಿಲಗಳನ್ನು ಫಿಲ್ಟರ್ ಮಷಿನ್ ಎಳೆದು ಹಾಕುತ್ತದೆ. ಆಮೇಲೆ ಸ್ಯಾಂಪಲ್ ಕಳಿಸಿದರೆ ನಾವು ಏನು ಹುಡುಕುವುದು?

ಎಣ್ಣೆಗೆ ವಯಸ್ಸಾಗುವುದು ಬಿಸಿ ಮತ್ತು ಆಮ್ಲಜನಕದಿಂದ. ಒಳಗಿರುವ ತಾಮ್ರ ಅದಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಎಣ್ಣೆಗೆ ಸೇರಿಸಿದ ಡಿಬಿಪಿಸಿ ಎಂಬ ರಕ್ಷಕ ತಾನು ಖರ್ಚಾಗುತ್ತಾ ಎಣ್ಣೆಯನ್ನು ಕಾಯುತ್ತದೆ. ಅದು ಮುಗಿದ ಮೇಲೆ ಆಮ್ಲ ಸರಸರ ಏರುತ್ತದೆ. ಕೊನೆಗೆ ಸ್ಲಡ್ಜ್ ಎಂಬ ಜಿಗುಟು ಕೆಸರು ಕಟ್ಟಿ ವೈಂಡಿಂಗ್ ಮೇಲೆ, ಅಂದರೆ ತಾಮ್ರದ ಸುರುಳಿಯ ಮೇಲೆ ಕೂರುತ್ತದೆ, ಎಣ್ಣೆ ಓಡಾಡುವ ಸಂದುಗಳನ್ನು ಮುಚ್ಚುತ್ತದೆ. ತಂಪು ಮಾಡಬೇಕಾದ ಎಣ್ಣೆಯೇ ಬಿಸಿಯನ್ನು ಒಳಗೆ ಹಿಡಿದಿಡುತ್ತದೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಕಾಗದದ ವಿಷಯಕ್ಕೆ. ತಾಮ್ರದ ಸುತ್ತ ಸುತ್ತಿರುವ ಕ್ರಾಫ್ಟ್ ಕಾಗದ ಅದು. ಎಣ್ಣೆ ಬದಲಿಸಬಹುದು. ಕಾಗದ ಬದಲಿಸಬೇಕೆಂದರೆ ವೈಂಡಿಂಗನ್ನೇ ಬಿಚ್ಚಬೇಕು. ಹೊಸ ಕಾಗದದಲ್ಲಿ ಸೆಲ್ಯುಲೋಸ್ ಸರಪಳಿಗೆ ಸರಾಸರಿ ಸಾವಿರದಷ್ಟು ಕೊಂಡಿ ಇರುತ್ತವೆ. 200ಕ್ಕೆ ಇಳಿದರೆ ಅದರ ಕಥೆ ಮುಗಿಯಿತು, ಮುಟ್ಟಿದರೆ ಪುಡಿ. ಎಣ್ಣೆಯ ಆಮ್ಲ ಈ ಕೊಂಡಿಗಳನ್ನು ಕಡಿಯುತ್ತದೆ. ಕಡಿದಾಗ ನೀರು ಹುಟ್ಟುತ್ತದೆ, ಆ ನೀರು ಇನ್ನಷ್ಟು ಕಡಿಯುತ್ತದೆ.

ಬಿಸಿಯ ಲೆಕ್ಕವೂ ಹೊಸದೇನಲ್ಲ. ಪ್ರತಿ 8 ಡಿಗ್ರಿ ಏರಿಕೆಗೆ ಇನ್ಸುಲೇಷನ್ ಆಯಸ್ಸು ಅರ್ಧಕ್ಕಿಳಿಯುತ್ತದೆ ಅಂತ 1930ರಲ್ಲೇ ಮಾಂಟ್‌ಸಿಂಗರ್ ಎಂಬ ಎಂಜಿನಿಯರ್ ಹೇಳಿದ್ದರು. ವಿದ್ಯುತ್ ಉಪಕರಣಗಳಿಗೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ ಇವತ್ತಿನ ಮಾರ್ಗಸೂಚಿ ಸಾಮಾನ್ಯ ಕಾಗದಕ್ಕೆ 98 ಡಿಗ್ರಿ ಸೆಲ್ಸಿಯಸ್ ಅನ್ನು ಆಧಾರವಾಗಿಟ್ಟುಕೊಂಡು, ಪ್ರತಿ 6 ಡಿಗ್ರಿಗೆ ಸವೆತ ಎರಡರಷ್ಟು ಅನ್ನುತ್ತದೆ. ವೈಂಡಿಂಗಿನ ಅತಿ ಬಿಸಿಯ ಜಾಗ 116 ಡಿಗ್ರಿ ಮುಟ್ಟಿತು ಅನ್ನಿ. ಸವೆತ ಎಂಟರಷ್ಟು. ಸಂಜೆ ಮೂರು ಗಂಟೆ ಹಾಗೆ ಓಡಿದರೆ ಇಡೀ ಒಂದು ದಿನದ ಆಯಸ್ಸು ಹೋಯಿತು. ಇದು ಒಣಗಿದ, ಚೆನ್ನಾಗಿರುವ ಕಾಗದದ ಲೆಕ್ಕ. ನೀರು, ಆಮ್ಲ ಸೇರಿದರೆ ಇನ್ನೂ ಬೇಗ.

ಈಗ ಸಸ್ಯಜನ್ಯ ಎಸ್ಟರ್ ಎಣ್ಣೆಯ ಮಾತು ಜೋರಾಗಿದೆ. ಒಳ್ಳೆಯದೇ. 300 ಡಿಗ್ರಿ ದಾಟಿದ ಮೇಲೇ ಅದು ಹೊತ್ತಿ ಉರಿಯುವುದು, ಕಾಗದವೂ ಅದರಲ್ಲಿ ಜಾಸ್ತಿ ಕಾಲ ಬಾಳುತ್ತದೆ. ಆದರೆ ಗಾಳಿ ತಾಗುತ್ತಿದ್ದರೆ ಅದು ಗಟ್ಟಿಯಾಗುತ್ತದೆ, ಮುಚ್ಚಿದ ಟ್ಯಾಂಕೇ ಬೇಕು. ಒಳಹೋಗುವ ಗಾಳಿಯ ತೇವ ಹೀರುವ ಬ್ರೀದರ್‌ನ ಸಿಲಿಕಾ ಜೆಲ್ ತೇವ ತುಂಬಿ ನೀಲಿಯಿಂದ ಗುಲಾಬಿಗೆ ತಿರುಗಿದರೂ ತಿರುಗಿ ನೋಡದ ಕಡೆ ಯಾವ ಎಣ್ಣೆ ಹಾಕಿ ಏನು ಪ್ರಯೋಜನ?

ಟ್ರಾನ್ಸ್‌ಫಾರ್ಮರ್ ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಚೀಟಿಯಲ್ಲಿ ಬಿಡಿವಿ ಜೊತೆ ಆಮ್ಲವನ್ನೂ ಬರೆಯಿರಿ. ಸಾಧ್ಯವಾದರೆ ಎಣ್ಣೆ-ನೀರಿನ ನಡುವಿನ ಬಿಗಿತವನ್ನೂ (ಇಂಟರ್‌ಫೇಶಿಯಲ್ ಟೆನ್ಷನ್) ಕೇಳಿ, ಎಣ್ಣೆ ಕೆಡುವುದನ್ನು ಅದು ಆಮ್ಲಕ್ಕಿಂತ ಮುಂಚೆಯೇ ತೋರಿಸಿಕೊಡುತ್ತದೆ. ಸ್ಯಾಂಪಲ್ ಫಿಲ್ಟರ್ ಮಾಡುವ ಮುಂಚೆ ತೆಗೆಯಿರಿ. ಕೆಳಗಿನ ವಾಲ್ವ್‌ನಿಂದ ಮೊದಲು ಬರುವ ಎಣ್ಣೆ ಚೆಲ್ಲಿ, ಆಮೇಲೆ ಬಾಟಲಿ ಹಿಡಿಯಿರಿ. ಆಗ ಎಣ್ಣೆ ಎಷ್ಟು ಬಿಸಿಯಿತ್ತು ಅಂತಲೂ ಬರೆಯಿರಿ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಮುಂದಿನ ಸಲ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಲೋಡ್ ಎಷ್ಟಿತ್ತು ಅಂತ ಕೇಳುವ ಜೊತೆಗೆ, ಕೊನೆಯ ಸಲ ಆಮ್ಲ ನೋಡಿದ್ದು ಯಾವಾಗ, ಎಷ್ಟು ಬಂದಿತ್ತು ಅಂತಲೂ ಕೇಳಿ ಬರೆಯಲಿ.

— ಎಣ್ಣೆ ಪರೀಕ್ಷಾ ಲ್ಯಾಬಿನ ಒಬ್ಬ ಓದುಗಳು