ವ್ಯಾನ್ ತಗೊಳ್ಳೋದಾದರೆ ಮಳೆಗಾಲದಲ್ಲಿ ತಗೋ

ಮಡಿಕೇರಿ

ಪ್ರೀತಿಯ ಗೆಳೆಯಾ,

ಒಳಗೇ ಮಲಗಿಕೊಂಡು ಊರೂರು ಸುತ್ತುವ ಕ್ಯಾಂಪರ್ ವ್ಯಾನ್ ತಗೊಳ್ಳಲಾ ಬೇಡವಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೊರಟರೆ ಬೈಗುಳವೇ ಜಾಸ್ತಿಯಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾಡಿದ ತಪ್ಪು ಏಪ್ರಿಲ್‌ನಲ್ಲಿ ಡೆಲಿವರಿ ತಗೊಂಡಿದ್ದು. ಬೆಂಗಳೂರಿನ ಬಿಸಿಲಲ್ಲಿ ಯಾವ ವ್ಯಾನೂ ಸೋರುವುದಿಲ್ಲ. ಜೂನ್‌ನಲ್ಲಿ ಮನೆ ಅಂಗಳದಲ್ಲೇ ನಿಲ್ಲಿಸಿಕೊಂಡು ಒಳಗೆ ಮಲಗಿದ್ದೆ. ರಾತ್ರಿ ಎರಡು ಗಂಟೆಗೆ ಸರಿಯಾಗಿ ಕಿವಿಯೊಳಗೆ ಟಪ್ ಅಂತ ಒಂದು ಹನಿ. ಬೆಳಗಾಗುವಷ್ಟರಲ್ಲಿ ದಿಂಬು ಹಿಂಡುವ ಹಾಗಿತ್ತು.

ಆಮೇಲೆ ಶುರುವಾಯಿತು ನೋಡು ಅಲೆದಾಟ. ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಗಾಡಿ ಕಂಪನಿಯದು. ಹಾಸಿಗೆ, ಕಪಾಟು, ಚಾವಣಿಯ ಕೆಲಸ ಬಾಡಿ ಬಿಲ್ಡರ್‌ದು, ಅಂದರೆ ಖಾಲಿ ವ್ಯಾನಿಗೆ ಇದನ್ನೆಲ್ಲ ಕೂರಿಸಿಕೊಡುವವರದು. ಎಸಿಗೆ ಅದರದ್ದೇ ಕಾರ್ಡು, ಫ್ರಿಜ್ಜಿಗೆ ಇನ್ನೊಂದು. ಮೈಸೂರಿನ ಶೋರೂಮಿನವರು 'ಚಾವಣಿಗೆ ತೂತು ಕೊರೆದಿದ್ದು ನಾವಲ್ಲ' ಅಂದರು. ಅದೂ ನಿಜವೇ. ಸುಮಾರು 260 ಕಿಲೋಮೀಟರ್ ಓಡಿಸಿಕೊಂಡು ಬೆಂಗಳೂರಿಗೆ, ಬಾಡಿ ಬಿಲ್ಡರ್ ಹತ್ತಿರ ಹೋದೆ. ಹದಿನೆಂಟು ದಿನ ಇಟ್ಟುಕೊಂಡು, ಚಾವಣಿಯ ಎಸಿ ಸುತ್ತ ಒಂದಿಷ್ಟು ಸಿಲಿಕಾನ್ ಅಂಟು ಬಳಿದು, ದೂರು-ರಿಪೇರಿ ಬರೆಯುವ ಜಾಬ್ ಕಾರ್ಡಿನಲ್ಲಿ 'ದೋಷ ಕಂಡುಬಂದಿಲ್ಲ' ಅಂತ ಬರೆದು ಕೊಟ್ಟರು. ಎರಡು ಬಕೆಟ್ ನೀರು ಸುರಿದು ನೋಡಿದ್ದರಂತೆ! ನಮ್ಮಲ್ಲಿ ಮಳೆ ಮೇಲಿಂದ ಮಾತ್ರ ಬೀಳುತ್ತದಾ ಮಾರಾಯ? ಗಾಳಿ ಜೊತೆ ಅಡ್ಡಡ್ಡ ನುಗ್ಗುತ್ತದೆ.

ಎರಡನೇ ಸಲ ನಾನೇ ಜೊತೆಗೆ ಕೂತೆ. ಮೇಲೊಬ್ಬ ಹುಡುಗ ನೀರಿನ ಪೈಪ್ ಹಿಡಿದ, ಒಳಗೆ ನಾನು ಟಾರ್ಚ್ ಹಿಡಿದೆ. ಎಸಿ ಸುತ್ತ ಎಷ್ಟು ಬಿಟ್ಟರೂ ಏನಿಲ್ಲ. ಸೋಲಾರ್ ಪ್ಯಾನೆಲ್ಲಿನ ಕ್ಲಾಂಪಿನ ಮೇಲೆ ಬಿಟ್ಟು ಹತ್ತು ನಿಮಿಷವಾದ ಮೇಲೆ ದಿಂಬಿನ ಜಾಗದಲ್ಲಿ ಹನಿ ಮೂಡಿತು. ನೀರು ಒಂದು ಸ್ಕ್ರೂ ತೂತಿನಿಂದ ಇಳಿದು, ಒಳಗಿನ ಪ್ಲೈವುಡ್ ಮೇಲೆ ನಾಲ್ಕಡಿ ಹರಿದು ಬರುತ್ತಿತ್ತು. ಮೊದಲ ಸಲ ಎಸಿ ಸುತ್ತ ಬಳಿದ ಸಿಲಿಕಾನ್ ಎಲ್ಲಾ ದಂಡ. ಆ ಸ್ಕ್ರೂ ಮೇಲೂ ಹಾಗೇ ಬಳಿಯಲು ಆ ಹುಡುಗ ಬಂದ. ಬೇಡ ಅಂದೆ. ಹಳೇ ಸಿಲಿಕಾನ್ ಮೇಲೆ ಹೊಸದು ಗಟ್ಟಿಯಾಗಿ ಕೂರುವುದಿಲ್ಲ. ಪೂರ್ತಿ ಕೆರೆಸಿ, ಕ್ಲಾಂಪ್ ಬಿಚ್ಚಿಸಿ, ಅದರ ಅಡಿಗೆ ನೀರು ತಡೆಯುವ ಬ್ಯುಟೈಲ್ ಟೇಪ್ ಹಾಕಿಸಿದೆ.

ಅದಕ್ಕೇ ಹೇಳುತ್ತೇನೆ, ವ್ಯಾನ್ ನೋಡುವ ಮುಂಚೆ ಅವರ ವರ್ಕ್‌ಶಾಪ್ ನೋಡು. ಪೂರ್ತಿ ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಪೈಪ್ ಹಿಡಿಸು. ದೂರನ್ನು ಜಾಬ್ ಕಾರ್ಡಿನಲ್ಲಿ ನಿನ್ನ ಮಾತಲ್ಲೇ ಬರೆಸು. 'ಲೀಕೇಜ್ ಚೆಕ್' ಅಂತ ಬರೆದರೆ ಅವರು ಚೆಕ್ ಮಾತ್ರ ಮಾಡುತ್ತಾರೆ.

ಹಳೇ ವ್ಯಾನಿಗೆ ಹಾಸಿಗೆ ಹಾಕಿಸುವ ಯೋಚನೆ ಇದ್ದರೆ ಆರ್‌ಟಿಒ ಒಪ್ಪಿಗೆ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಅದಕ್ಕೆ. ಆರ್‌ಸಿಯಲ್ಲಿ ಬದಲಾವಣೆ ದಾಖಲಾಗದಿದ್ದರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು.

ಸೋಲಾರನ್ನೇ ನಂಬಿಕೊಂಡು ಕೂರಬೇಡ. ಕಕ್ಕಡದಲ್ಲಿ, ಆ ಜಡಿಮಳೆಯ ತಿಂಗಳಲ್ಲಿ, ಕೊಡಗಿಗೆ ಸೂರ್ಯ ಎಲ್ಲಿಂದ ಬರಬೇಕು? 100 ಆಂಪಿಯರ್ ಅವರ್‌ನ 12 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ ಒಂದೂಕಾಲು ಯೂನಿಟ್ ಚಿಲ್ಲರೆ. ಗಾಡಿ ಓಡುವಾಗ ಎಂಜಿನ್‌ನಿಂದಲೂ ಚಾರ್ಜ್ ಆಗುತ್ತದಾ ಕೇಳು. ಎಸಿಯಂತೂ ಬೇಡವೇ ಬೇಡ. 'ಮಡಿಕೇರಿಯವನಿಗೆ ಎಸಿ ಯಾಕೋ?' ಅಂತ ಅಮ್ಮ ಮೊದಲ ದಿನವೇ ಕೇಳಿದ್ದರು.

ಈಗ ಸೋರುವುದಿಲ್ಲ. ಆದರೆ ಹಾಸಿಗೆ ಕೆಳಗಿನ ಪ್ಲೈವುಡ್ ಊದಿಕೊಂಡು ಡ್ರಾಯರ್ ಕಚ್ಚಿಕೊಂಡಿದೆ. 'ಅದು ವಾರಂಟಿಗೆ ಬರಲ್ಲ ಸಾರ್' ಅಂದಿದ್ದಾರೆ. ನಿನ್ನ ಟಾರ್ಚ್ ಅದರೊಳಗೇ ಇದೆ. ಪುತ್ತರಿ ಹಬ್ಬಕ್ಕೆ ಬರುವಾಗ ಒಂದು ಉಳಿ ತಗೊಂಡು ಬಾ.

ನಿನ್ನ ಗೆಳೆಯ