ದಲಾಲಿ ಅಂಗಡಿಯ ಲೆಕ್ಕದ ಹಿರಿಯರಿಗೆ

ನಿಮ್ಮ ಹೆಸರು ಕೇಳಿಕೊಳ್ಳಲಿಲ್ಲ, ಆದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಅಪ್ಪನ ರಾಶಿ ಅಡಿಕೆಯ ಟೆಂಡರ್ ಕಾಯುತ್ತ, ಚೀಲದ ಮೇಲೆ ಕುಳಿತು 1872ರ ಭಾರತೀಯ ಕರಾರು ಕಾಯ್ದೆಯನ್ನು ಉರು ಹೊಡೆಯುತ್ತಿದ್ದ, ಸಿಎ ಫೌಂಡೇಶನ್ (ಲೆಕ್ಕಪರಿಶೋಧಕರಾಗಲು ಬರೆಯುವ ಮೊದಲ ಹಂತದ ಪರೀಕ್ಷೆ) ವಿದ್ಯಾರ್ಥಿನಿ ನಾನು.

“ಕೂಸೇ, ಪುಸ್ತಕದಲ್ಲಿರುವುದು ಕಣ್ಣೆದುರಿಗೇ ನಡೆಯುತ್ತಿದೆಯಲ್ಲ” ಎಂದಿರಿ. ವ್ಯಾಪಾರಿ ದರ ಬರೆದು ಹಾಕಿದರೆ ಅದು ಪ್ರಸ್ತಾಪ. ಅಪ್ಪ ಒಪ್ಪಿದರೆ ಸ್ವೀಕೃತಿ. ದರ ಸಾಲದೆಂದು ಮಾಲು ಹಾಗೆಯೇ ಇಟ್ಟುಕೊಂಡರೆ ಕರಾರೇ ಇಲ್ಲ. ಮಾದರಿಯ ಒಂದು ಹಿಡಿ ಅಡಿಕೆಯನ್ನು ನನ್ನ ಅಂಗೈಗೆ ಸುರಿದಿರಿ. ಮಾದರಿ ತೋರಿಸಿ ಮಾರಿದ ಮೇಲೆ ಚೀಲದ ತಳದ ಅಡಿಕೆಯೂ ಇದರಂತೆಯೇ ಇರಬೇಕು, ಅದೇ 1930ರ ಸರಕು ಮಾರಾಟ ಕಾಯ್ದೆಯ 17ನೇ ಕಲಂ ಎಂದಿರಿ. ಆ ಕಲಮನ್ನು ನಾನಂತೂ ಇನ್ನು ಮರೆಯುವುದಿಲ್ಲ.

ಕರಾರು ಕಾಯ್ದೆಯ 10ನೇ ಕಲಂ ಕೇಳುವ ಮುಕ್ತ ಸಮ್ಮತಿ, ಅರ್ಹ ಪಕ್ಷಕಾರರು, ನ್ಯಾಯಬದ್ಧ ಪ್ರತಿಫಲ ಮತ್ತು ಉದ್ದೇಶ ಇವನ್ನು ಬಾಯಿಪಾಠ ಮಾಡಲೇಬೇಕು ಎಂದು ನೀವೂ ಒಪ್ಪಿದಿರಿ. (ಬಾಯಿಪಾಠವೇ ಬೇಡ ಎನ್ನುವವರನ್ನು ನಾನು ನಂಬುವುದಿಲ್ಲ.) ಆದರೆ ಒಂದೊಂದಕ್ಕೂ “ಇದಿಲ್ಲದಿದ್ದರೆ ಏನಾಗುತ್ತದೆ?” ಎಂದು ಕೇಳಿಕೊಳ್ಳಲು ಹೇಳಿದಿರಿ. ಬೆದರಿಸಿ ಒಪ್ಪಿಸಿದ್ದರೆ, ಬೆದರಿಕೆಗೆ ಒಳಗಾದವರು ಕರಾರನ್ನು ರದ್ದುಪಡಿಸಬಹುದು. ಅಪ್ರಾಪ್ತ ವಯಸ್ಕರು ಮಾಡಿಕೊಂಡಿದ್ದರೆ ಅದು ಮೊದಲಿನಿಂದಲೇ ಶೂನ್ಯ. ವಿವರಿಸಿ ಬರೆಯಬೇಕಾದ ನನ್ನ ಈ ಕಾನೂನು ಪ್ರಶ್ನೆಪತ್ರಿಕೆಯಲ್ಲಿ ಉತ್ತರ ನಿಲ್ಲುವುದೇ ಇಂಥ ವ್ಯತ್ಯಾಸದ ಮೇಲೆ.

ಅಷ್ಟರಲ್ಲಿ ಯಾರೋ ಕರೆದರು, ನೀವು ಹೊರಟಿರಿ. ತುಂಬು ಮನಸ್ಸಿನ ಧನ್ಯವಾದ. 1932ರ ಪಾಲುದಾರಿಕೆ ಕಾಯ್ದೆ ಇನ್ನೂ ಬಾಕಿಯಿದೆ. ಮತ್ತೆ ಟೆಂಡರ್ ದಿನ ಸಿಕ್ಕರೆ ಚಹಾ ನನ್ನ ಲೆಕ್ಕಕ್ಕೆ.